ಬೊಟ್ಟಿ ಕುಡಿಯದ ನೀರು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಕುರಿ ಮಾರಿದ ಮೇಲೂ ಅದು ಸ್ವಲ್ಪ ಹೊತ್ತು ನಮ್ಮದೇ ಆಗಿರುತ್ತಿತ್ತು. ಹುಲಿಕುಂಟೆ ಕಡೆಯ ಹಳ್ಳಿ ನಮ್ಮದು. ಮನೆಯ ಹಿಂದೆ ಜಾಲಿಮುಳ್ಳಿನ ಬೇಲಿ ಕಟ್ಟಿದ ರೊಪ್ಪ, ಅದರ ತುಂಬ ಕುರಿ. ಸಾಕುವುದಕ್ಕೆಂದು ಯಾರಾದರೂ ಕೊಂಡರೆ ಅಪ್ಪ ತಾನೇ ಕುರಿಗಳನ್ನು ನಡೆಸಿಕೊಂಡು ಹೋಗಿ ಅವರ ಮನೆಗೆ ಬಿಟ್ಟು ಬರುತ್ತಿದ್ದ. ಬಿಟ್ಟ ಕೂಡಲೇ ತಿರುಗುತ್ತಿರಲಿಲ್ಲ. ಕುರಿ ಆ ಮನೆಯ ನೀರಿಗೆ ಬಾಯಿ ಹಾಕುವವರೆಗೂ ಕಂಬಳಿ ಹಾಸಿಕೊಂಡು ಅಲ್ಲೇ ಕೂರುತ್ತಿದ್ದ. "ಅವರ ನೀರು ಕುಡಿಯೋಗಂಟ ಅದು ನಮ್ದೇ ಕಣಮ್ಮ. ಕಾಲು ಮುರಿದ್ರೂ ನಮ್ದೇ, ಜೀವ ಹೋದ್ರೂ ನಮ್ದೇ" ಎನ್ನುತ್ತಿದ್ದ.

ಅದಕ್ಕೆಂದೇ ಇನ್ನೊಂದು ರೂಢಿಯೂ ಇತ್ತು. ಹೊರಡುವ ಮುಂಜಾನೆ ಕುರಿಗಳಿಗೆ ಅಂಗೈಯಲ್ಲಿ ಕಲ್ಲುಪ್ಪು ಹಿಡಿದು ನೆಕ್ಕಿಸುತ್ತಿದ್ದೆವು. ಉಪ್ಪು ತಿಂದ ಕುರಿಗೆ ಬಾಯಾರುತ್ತದೆ. ದಾರಿಯ ಕೆರೆಕಟ್ಟೆಗಳಲ್ಲಿ ಕುಡಿಯುತ್ತ ಹೋಗುತ್ತದೆ. ಹೊಸ ಮನೆಯಲ್ಲಿ ಎಷ್ಟೇ ಬೆದರಿ ನಿಂತರೂ ಕೊನೆಗೆ ನೀರಿಗೆ ಬಾಯಿ ಹಾಕಿಯೇ ಹಾಕುತ್ತದೆ.

ಒಂದು ಬೇಸಿಗೆಯಲ್ಲಿ ಕೊರಟಗೆರೆ ಕಡೆಯ ಯಜಮಾನರೊಬ್ಬರು ಬಂದು ಗಬ್ಬದ ಕುರಿಗಳೇ ಬೇಕು ಎಂದರು. ಅವರು ಆರಿಸಿದವುಗಳಲ್ಲಿ ಬೊಟ್ಟಿಯೂ ಇತ್ತು. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಕಂದು ಕುರಿ. ತಾಯಿ ಸತ್ತ ಮರಿಯನ್ನು ಅಕ್ಕ ಮೇಕೆಯ ಹಾಲು ಕುಡಿಸಿ, ತನ್ನ ಹೊದಿಕೆಯೊಳಗೆ ಮಲಗಿಸಿಕೊಂಡು ಬೆಳೆಸಿದ್ದಳು. ಬೊಟ್ಟಿ ಹೋಗುತ್ತದೆಂದು ತಿಳಿದಾಗ ಅಕ್ಕ ಅಪ್ಪನ ಹತ್ತಿರ ಬಂದು ಒಂದೇ ಮಾತು ಕೇಳಿದಳು: "ನೀನೇ ನಡೆಸ್ಕಂಡು ಹೋಗ್ತೀಯಾ?"

"ನಾನಲ್ದೆ ಇನ್ಯಾರವ್ವ? ನೀರು ಕುಡಿಸೇ ಬತ್ತೀನಿ" ಎಂದ ಅಪ್ಪ.

ಆದರೆ ಹೊರಡುವ ಹೊತ್ತಿಗೆ ಅಪ್ಪನ ಅಂಗಾಲಿಗೆ ಮುಳ್ಳು ಹೊಕ್ಕು, ಕೀವು ತುಂಬಿ, ಪಾದ ಊರಲೂ ಆಗದಂತಾಯಿತು. ಯಜಮಾನರಿಗೆ ಮಾತು ಕೊಟ್ಟಾಗಿತ್ತು. ಅದೇ ದಿನ ಶಿರಾದ ಲಾರಿಯೊಂದು ಕಡಲೆಕಾಯಿ ಮೂಟೆ ಹೇರಿಕೊಂಡು ಕೊರಟಗೆರೆಗೆ ಹೊರಟಿತ್ತು. ಮುಂದೆ ಕೂರಲು ಜಾಗವಿರಲಿಲ್ಲ, ಹಿಂದೆ ಕುರಿಗಳಿಗಷ್ಟೇ ಜಾಗ. "ಫಿಕರ್ ಯಾಕಣ್ಣ? ನೀವು ಕುಂಟ್ಕಂಡು ಬರೋದ್ರಾಗೆ ನಿಮ್ಮ ಕುರಿ ಅಲ್ಲಿ ಮರಿ ಹಾಕಿರ್ತವೆ" ಎಂದು ಡ್ರೈವರ್ ನಕ್ಕ. ಅಪ್ಪ ನಗಲಿಲ್ಲ. ಆದರೂ ಒಪ್ಪಿಕೊಂಡ. ದಾರಿಯಲ್ಲಿ ನೀರು ಕುಡಿಸಬೇಕೆಂದು ಮತ್ತೆ ಮತ್ತೆ ಹೇಳಿದ.

ಬೆಳಗಿನ ತಂಪಿನಲ್ಲಿ ಅಕ್ಕ ಎಂದಿನಂತೆ ಉಪ್ಪು ತಂದಳು. ಎಲ್ಲ ಕುರಿಗೂ ನೆಕ್ಕಿಸಿದಳು. ಬೊಟ್ಟಿಗೆ ಪ್ರೀತಿಯಿಂದ ಇನ್ನೊಂದು ಹಿಡಿ. ಅದರ ಒರಟು ನಾಲಿಗೆ ಅಂಗೈಯನ್ನು ಸವರುವಾಗ ಅಕ್ಕ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ನಡೆದು ಹೋಗುವ ಕುರಿಗೆ ಕೊಡುವ ಉಪ್ಪನ್ನು ಲಾರಿಗೆ ಹತ್ತುವ ಕುರಿಗೆ ಕೊಡಬಾರದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಲಾರಿ ಹೋದ ಮೇಲೆ ಅಪ್ಪನಿಗೆ ಮುದ್ದೆ ಇಳಿಯಲಿಲ್ಲ. ನನ್ನ ಹೆಗಲು ಹಿಡಿದುಕೊಂಡು ಬಸ್ಸು ಹತ್ತಿದ. ಕಿಟಕಿಯ ಕಬ್ಬಿಣ ಕೈಗೆ ಚುರುಕ್ಕೆನ್ನುತ್ತಿತ್ತು. ಮಧುಗಿರಿಯ ಬೆಟ್ಟ ಕಾದ ಹಂಚಿನಂತೆ ಕಾಣುತ್ತಿತ್ತು. ಅದನ್ನು ನೋಡುತ್ತ ಇದ್ದಕ್ಕಿದ್ದಂತೆ ಅಪ್ಪ ಕೇಳಿದ, "ಅಕ್ಕ ಉಪ್ಪು ಕೊಟ್ಟಳೇನಮ್ಮ?" ಕೊಟ್ಟಳು ಎಂದೆ. ಆಮೇಲೆ ದಾರಿಯುದ್ದಕ್ಕೂ ಅಪ್ಪ ಕಿಟಕಿಯಾಚೆ ಆ ಲಾರಿಯನ್ನೇ ಹುಡುಕುತ್ತಿದ್ದ.

ನಾವು ಹೋದಾಗ ಯಜಮಾನರ ಅಂಗಳದಲ್ಲಿ ಕಲ್ಲುಬಾನಿಗೆ ನೀರು ತುಂಬಿಟ್ಟಿದ್ದರು. ಲಾರಿ ಮಾತ್ರ ಬಂದಿರಲಿಲ್ಲ. ಅಪ್ಪ ಕುಂಟುತ್ತ ರಸ್ತೆಗೆ ಹೋಗಿ ನೋಡುವುದು, ಬಂದು ಕೂರುವುದು, ಮತ್ತೆ ಏಳುವುದು. ಹೊತ್ತು ಇಳಿಯುವಾಗ ಲಾರಿ ಬಂತು. ಮಧುಗಿರಿಯ ಮಂಡಿಯಲ್ಲಿ ಅರ್ಧ ಮೂಟೆ ಇಳಿಸಲು ನಿಂತಿದ್ದರಂತೆ, ಹಮಾಲರು ಬರುವುದು ತಡವಾಯಿತಂತೆ. "ನೆಗೆದು ಓಡೋದ್ರೆ ಏನ್ಮಾಡ್ಲಿ ಅಂತ ಟಾರ್ಪಾಲು ಬಿಚ್ಚಲಿಲ್ಲ" ಎಂದ ಡ್ರೈವರ್. ಈ ಸಲ ಅವನೂ ನಗುತ್ತಿರಲಿಲ್ಲ.

ಟಾರ್ಪಾಲು ಎತ್ತಿದಾಗ ಒಲೆಯ ಬಾಯಿಯಂಥ ಕಾವು ಮುಖಕ್ಕೆ ಹೊಡೆಯಿತು. ಕುರಿಗಳು ಒಂದರ ಮೇಲೊಂದು ಬಿದ್ದು ಬಾನಿಗೆ ಮುಗಿಬಿದ್ದವು. ಬೊಟ್ಟಿ ಮಾತ್ರ ಮೂಟೆಗಳ ಸಂದಿಯಲ್ಲೇ ಮಲಗಿತ್ತು. ಅಪ್ಪ ಅದನ್ನು ಎತ್ತಿ ತಂದು, ತಲೆ ತೊಡೆಯ ಮೇಲಿಟ್ಟುಕೊಂಡು, ಬೊಗಸೆಯಲ್ಲಿ ನೀರು ಹಿಡಿದ. ನೀರು ಅದರ ತುಟಿಗೆ ತಾಗಿ ಹಾಗೆಯೇ ಕೆಳಗೆ ಇಳಿಯಿತು. ನಾನು ಅದರ ಹೊಟ್ಟೆಯ ಮೇಲೆ ಕೈಯಿಟ್ಟಿದ್ದೆ. ಒಳಗೆ ಏನೋ ಮಿಸುಕಿದಂತಾಯಿತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ಯಜಮಾನರು ಒಳ್ಳೆಯವರು. "ಯಾವಾರ ಮುಗಿದೈತಲ್ಲಪ್ಪ. ಲಾರಿ ಹತ್ತಿದ ಮ್ಯಾಲೆ ಅದು ನಂದು. ನೀನ್ಯಾಕೆ ತಲೆ ಮ್ಯಾಲೆ ಹೊತ್ಕಂತೀಯಾ?" ಎಂದರು.

ಅಪ್ಪ ಬೊಟ್ಟಿಯ ಕೊರಳಿನ ಕರಿದಾರ ಬಿಚ್ಚುತ್ತಿದ್ದ. "ನಿಮ್ಮ ನೀರು ಕುಡೀಲಿಲ್ಲ ಸ್ವಾಮಿ. ನಮ್ದೇ ಅದು" ಎಂದ. ಡ್ರೈವರನ್ನು ಒಂದು ಮಾತೂ ಬೈಯಲಿಲ್ಲ. ಅವರ ಹೊಲದ ಬದುವಿನಲ್ಲಿ ಗುಂಡಿ ತೋಡಿ, ತನ್ನ ಕಂಬಳಿಯನ್ನೇ ಹೊದಿಸಿ ಮಣ್ಣು ಮಾಡಿದ.

ಮಾರನೆಯ ದಿನ ಬಸ್ಸಿನಲ್ಲಿ ಅಪ್ಪ ನನಗೆ ಮೆಲ್ಲಗೆ ಹೇಳಿದ, "ಅಕ್ಕನ ತಾವ ಉಪ್ಪಿನ ಸುದ್ದಿ ಎತ್ತಬ್ಯಾಡ. ಕಳಿಸಿದೋನು ನಾನು."

ಅಕ್ಕ ರೊಪ್ಪದ ಬಾಗಿಲಲ್ಲೇ ಕಾಯುತ್ತಿದ್ದಳು. "ನೀರು ಕುಡೀತಾ?" ಎಂದಳು. ಅಪ್ಪ ಕರಿದಾರವನ್ನು ಅವಳ ಕೈಗಿಟ್ಟು, "ಬಿಸ್ಲು ಕಣವ್ವ. ನಾನು ಜತೇಲಿ ಹೋಗ್ಬೇಕಿತ್ತು" ಎಂದ. ಅಕ್ಕ ಅಳಲಿಲ್ಲ. ಉಪ್ಪು ನೆಕ್ಕಿಸಿದ ಆ ಅಂಗೈಯನ್ನು ದಾರದ ಸುತ್ತ ಮುಚ್ಚಿಕೊಂಡು ಒಳಗೆ ಹೋದಳು.

ಕಾಲು ವಾಸಿಯಾದ ಮೇಲೆ ಅಪ್ಪ ಇನ್ನೊಂದು ಗಬ್ಬದ ಕುರಿಯನ್ನು ಕೊರಟಗೆರೆಗೆ ನಡೆಸಿಕೊಂಡು ಹೋಗಿ, ನೀರು ಕುಡಿಸಿ ಬಂದ. ಮತ್ತೆಂದೂ ಕುರಿಯನ್ನು ಒಂಟಿಯಾಗಿ ಕಳಿಸಲಿಲ್ಲ. ಅಕ್ಕ ಈಗಿಲ್ಲ. ಉಪ್ಪಿನ ಮಾತು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಮಕ್ಕಳೇ, ಮೊನ್ನೆ ನೀವು ಫೋನಿನಲ್ಲೇ ನೋಡಿ ಬಣ್ಣದ ಮೀನು ತರಿಸಿದಿರಿ. ರಟ್ಟಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ನೀರು. ತಂದುಕೊಟ್ಟ ಹುಡುಗನಿಗೆ ಒಳಗೇನಿದೆ ಎಂದೇ ಗೊತ್ತಿರಲಿಲ್ಲ. ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. "ಬೇಜಾರು ಮಾಡ್ಕೋಬೇಡ ಅಜ್ಜಿ, ಫೋಟೋ ಕಳಿಸಿದ್ರೆ ಇನ್ನೊಂದು ಕಳಿಸ್ತಾರೆ" ಎಂದಿರಿ. ಕಳಿಸಿದರು ಕೂಡ. ಮೊದಲ ದಿನವೇ, ಉಳಿದ ಮೀನು ಬಿಟ್ಟ ಗಾಜಿನ ತೊಟ್ಟಿಯ ಮುಂದೆ ನೀವು ಕುಣಿಯುತ್ತಿದ್ದಾಗ ನಾನು ಸತ್ತ ಮೀನಿದ್ದ ಚೀಲ ಹಿಡಿದುಕೊಂಡು ಹಿತ್ತಲಿಗೆ ಹೋದೆ. ಆ ಮೀನು ಅವರು ತುಂಬಿ ಕಳಿಸಿದ ನೀರಿನಲ್ಲೇ ಇತ್ತು. ನಮ್ಮ ಮನೆಯ ನೀರನ್ನು ಅದಿನ್ನೂ ಮುಟ್ಟಿರಲಿಲ್ಲ.