ಓಯ್ವ ಕದಿಯಲು ಕಲಿತದ್ದು

ಉತ್ತರದ ಹಿಮಸೀಮೆಯ ಪಿರ್ತಿವಾರ ಎಂಬ ಊರಿನಲ್ಲಿ ಓಯ್ವನಷ್ಟು ನಿಯತ್ತಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಊರವರು ಅದಕ್ಕಾಗಿ ಅವನನ್ನು ಹೊಗಳುತ್ತಿದ್ದರು ಎಂದುಕೊಳ್ಳಬೇಡಿ. ಅವನ ನಿಯತ್ತಿಗೆ ಎಲ್ಲರೂ ಬೇಸತ್ತಿದ್ದರು. ನಿವೃತ್ತನಾಗುವವರೆಗೆ ಅವನು ರಸ್ತೆಯ ಹಿಮ ತಳ್ಳುವ ದೊಡ್ಡ ಗಾಡಿ ಓಡಿಸುತ್ತಿದ್ದ. ಹಿಮದ ರಾಶಿಯಲ್ಲಿ ಒಂದು ಒಂಟಿ ಕೈಗವಸು ಕಂಡರೆ ಸಾಕು, ಗಾಡಿ ನಿಲ್ಲಿಸಿ ಮನೆಮನೆಯ ಬಾಗಿಲು ತಟ್ಟಿ, "ಇದು ನಿಮ್ದಾ?" ಎಂದು ಕೇಳುತ್ತ ಹೋಗುವನು. ಅವನು ಕೇಳಿ ಮುಗಿಸುವಷ್ಟರಲ್ಲಿ ರಸ್ತೆಯ ಮೇಲೆ ಮತ್ತೆ ಮೊಣಕಾಲುದ್ದ ಹಿಮ ಬಿದ್ದು ಶಾಲೆಯ ಬಸ್ಸು ಹೂತುಹೋಗಿರುತ್ತಿತ್ತು. ಬೇಸಿಗೆಯಲ್ಲಿ ಜೌಗುನೆಲಕ್ಕೆ ಕಾಡುಹಣ್ಣು ಆಯಲು ಹೋದಾಗಲೂ ಅಷ್ಟೆ. ಅದು ಬೇರೆ ಯಾರೋ ವರ್ಷವರ್ಷ ಆಯುವ ಜಾಗ ಎಂದು ನೆನಪಾದರೆ, ಆಯ್ದದ್ದನ್ನೆಲ್ಲ ಅಲ್ಲೇ ಸುರಿದು ಖಾಲಿ ಬಕೆಟ್ಟು ಹಿಡಿದು ಮನೆಗೆ ಬರುತ್ತಿದ್ದ. ಸುರಿದ ಹಣ್ಣನ್ನು ಹಿಂದೆ ಬಂದವರು ನಗುನಗುತ್ತ ತುಂಬಿಕೊಳ್ಳುತ್ತಿದ್ದರು.

ಅವನ ಹೆಂಡತಿ ಇರ್ಯ ಇದಕ್ಕೆ ತದ್ವಿರುದ್ಧ. ಅವಳು ಕಳ್ಳಿ. ಕದಿಯುತ್ತಿದ್ದದ್ದು ಹೂಗಿಡದ ಕಡ್ಡಿಗಳನ್ನು ಮಾತ್ರ, ಆದರೆ ಅದರಲ್ಲಿ ಅವಳ ಕೈಚಳಕಕ್ಕೆ ಸಾಟಿಯಿರಲಿಲ್ಲ. ಎಂಟು ತಿಂಗಳು ಚಳಿಯಿರುವ ಆ ಸೀಮೆಯಲ್ಲಿ ಹೂದೋಟವೆಂದರೆ ಅಡುಗೆಮನೆಯ ಕಿಟಕಿಯೇ. ಅಲ್ಲಿ ಕೊಟ್ಟ ಕಡ್ಡಿ ಬೇರು ಬಿಡುವುದಿಲ್ಲ, ಕದ್ದದ್ದು ಮಾತ್ರ ಬಿಡುತ್ತದೆ ಎಂಬುದು ಎಲ್ಲರ ನಂಬಿಕೆ. ಬಾಯಿಬಿಟ್ಟು ಕೇಳಬಾರದು. ಕೈಗೆ ಸಿಕ್ಕಮೇಲೆ ಥ್ಯಾಂಕ್ಸ್ ಅಂತೂ ಹೇಳಲೇಬಾರದು, ಹೇಳಿದರೆ ಆ ಕಡ್ಡಿ ಕೊಳೆತಂತೆಯೇ ಲೆಕ್ಕ. ಗಿಡದ ಯಜಮಾನಿ ಮಾಡಬೇಕಾದ್ದಿಷ್ಟೇ: ಸರಿಯಾದ ಹೊತ್ತಿಗೆ ಬೆನ್ನು ತಿರುಗಿಸುವುದು. ಇರ್ಯ ಯಾರ ಮನೆಗೆ ಕಾಫಿಗೆ ಹೋದರೂ ಚೀಲದಲ್ಲಿ ಪುಟ್ಟ ಕತ್ತರಿ, ಒದ್ದೆ ಬಟ್ಟೆಯ ಚೂರು ಇರುತ್ತಿದ್ದವು. ಓಯ್ವ ಮಾತ್ರ ಅಂಥ ಹೊತ್ತಿನಲ್ಲಿ ಕಿವಿ ಕೆಂಪಗೆ ಮಾಡಿಕೊಂಡು ಚಾವಣಿ ನೋಡುತ್ತ ಕೂರುತ್ತಿದ್ದ.

ಅವಳ ಕಿಟಕಿಯಲ್ಲಿದ್ದ ಗಿಡಗಳಲ್ಲೆಲ್ಲ ಹೆಮ್ಮೆಯದು ಒಂದು ಗುಲಾಬಿ ಬಣ್ಣದ ಜೆರೇನಿಯಂ. ಅದರ ಒಂದೊಂದು ಹೂವೂ ದಳದ ಮೇಲೆ ದಳವಾಗಿ ಪುಟ್ಟ ರೋಜಾ ಮೊಗ್ಗಿನ ಹಾಗೆ ಮಡಚಿಕೊಂಡಿರುತ್ತಿತ್ತು. ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ಬರೀ ಕೆಂಪು, ಬರೀ ಒಂದು ಸುತ್ತು ದಳದ್ದು. ಈ ಗಿಡವನ್ನು ಅವಳು ಮದುವೆಯಾದ ವರ್ಷ ಪಾದ್ರಿಯ ಮನೆಯ ಕಿಟಕಿಯಿಂದ ಹಾರಿಸಿದ್ದಳು. ಚಳಿಗಾಲದ ಕತ್ತಲಲ್ಲಿ ಅದಕ್ಕೆ ಅದರದೇ ದೀಪ, ಬೆಳಕು ಮರಳಿದ ಮೇಲೆ ಆಲೂಗಡ್ಡೆ ಬೇಯಿಸಿ ತಣಿಸಿದ ನೀರು. ಓಯ್ವನಿಗೆ ಅಷ್ಟು ಉಪಚಾರ ಎಂದೂ ಸಿಕ್ಕಿದ್ದಿಲ್ಲ.

ಫೆಬ್ರವರಿಯ ಕೊನೆಗೆ ಇರ್ಯಳ ಸೊಂಟದ ಕೀಲು ಬದಲಿಸಲು ಪಟ್ಟಣದ ಆಸ್ಪತ್ರೆಯಿಂದ ಕರೆ ಬಂತು. ಆಪರೇಷನ್ ಆದಮೇಲೆ ನಡೆಯುವುದನ್ನು ಕಲಿಸಲು ಅಲ್ಲೇ ಇಟ್ಟುಕೊಳ್ಳುತ್ತಾರೆ, ಮರಳುವುದು ಹಿಮ ಕರಗುವ ಹೊತ್ತಿಗೆ. ಹೊರಡುವಾಗ ಅವಳು ಕಿಟಕಿಯ ಕಡೆ ಬೆರಳು ಮಾಡಿದಳು.

"ನಾನಿಲ್ದೇ ಹೋದ್ರೆ ನೀನೇನೂ ಸಾಯಲ್ಲ. ಅದು ಸತ್ತೋಗತ್ತೆ. ನೀರು ಜಾಸ್ತಿ ಹಾಕ್ಬೇಡ. ಗಾಳಿ ತಾಗಿಸ್ಬೇಡ. ಅದರ ಮುಂದೆ ನಿಂತು ಜೋರಾಗಿ ಸೀನೋದೂ ಬೇಡ."

"ಸೀನಲ್ಲ," ಎಂದು ಓಯ್ವ ಮಾತು ಕೊಟ್ಟ. ಕೊಟ್ಟ ಮಾತನ್ನು ಅವನು ಉಳಿಸಿಕೊಂಡ. ಸೀನಲಿಲ್ಲ.

ಆದರೆ ಮರುಭಾನುವಾರ ರೇಡಿಯೋದಲ್ಲಿ ಹಿಮಜಾರು ಓಟದ ಪಂದ್ಯವಿತ್ತು. ಒಲೆಯ ಮೇಲೆ ಮೀನು ಹುರಿಯುತ್ತಿತ್ತು. ನಮ್ಮ ದೇಶದವರು ನಾರ್ವೆಯವರ ಬೆನ್ನಿಗೇ ಬಿದ್ದಿದ್ದ ಹೊತ್ತಿಗೆ ಮೀನು ಹೊತ್ತಿ, ಅಡುಗೆಮನೆ ತುಂಬ ಹೊಗೆ ತುಂಬಿತು. ಓಯ್ವ ಓಡಿಬಂದು ಬಾಣಲೆ ಇಳಿಸಿ, ಕಿಟಕಿ ತೆರೆದು, ಕೊನೆಯ ಸುತ್ತು ಕೇಳಲು ಮತ್ತೆ ರೇಡಿಯೋದ ಹತ್ತಿರ ಓಡಿದ. ಹೊರಗೆ ಮೂಗಿನೊಳಗಿನ ಕೂದಲು ಮಂಜುಗಟ್ಟುವ ಚಳಿ. ನಮ್ಮವರು ಸೋತರು. ಓಯ್ವ ಅವರನ್ನು ಸಾವಕಾಶವಾಗಿ ಬೈದು, ಅಡುಗೆಮನೆಗೆ ಬಂದು ನೋಡಿದರೆ ಜೆರೇನಿಯಂ ಬೇಯಿಸಿದ ಸೊಪ್ಪಿನ ಹಾಗೆ ಕುಂಡದ ಅಂಚಿನ ಮೇಲೆ ಜೋತುಬಿದ್ದಿತ್ತು. ಎರಡು ದಿನದಲ್ಲಿ ಕಾಂಡ ಬುಡದವರೆಗೂ ಕಪ್ಪಾಯಿತು.

ಸಂಜೆ ಸಂಜೆ ಇರ್ಯಳ ಫೋನು ಬರುತ್ತಿತ್ತು. ಓಯ್ವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಗಿಡ ಹೇಗಿದೆ?"

"ಕಿಟಕಿಯಲ್ಲೇ ಇದೆ."

"ನೀರು ಹಾಕಿದ್ಯಾ?"

"ಹಾಕ್ದೆ."

ನಿಜವಾಗಿಯೂ ಹಾಕಿದ್ದ. ಹಾಗೆ ಹೇಳಲು ಬರಲಿ ಎಂದೇ ಆ ಹೆಣಕ್ಕೆ ದಿನಾ ನೀರು ಹಾಕುತ್ತಿದ್ದ.

"ಎಲೆ ಹಳದಿ ಆಗ್ತಿಲ್ಲ ತಾನೆ?"

"ಒಂದೂ ಹಳದಿ ಇಲ್ಲ," ಎಂದ ಓಯ್ವ, ಕರಿ ಎಲೆಗಳನ್ನು ನೋಡುತ್ತ. ಫೋನಿಟ್ಟ ಮೇಲೆ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅವಳು ಬಂದು ಆ ಕರಿ ಕಡ್ಡಿಯ ಮುಂದೆ ನಿಲ್ಲುವ ದಿನ ಹತ್ತಿರವಾಗುತ್ತಿತ್ತು. ಅಷ್ಟರೊಳಗೆ ಆ ಕುಂಡದಲ್ಲಿ ಅದೇ ಜಾತಿಯ ಗಿಡವೊಂದು ಉಸಿರಾಡುತ್ತಿರಬೇಕು.

ಊರಿನಲ್ಲಿ ಅಂಥ ಗಿಡ ಈಗ ಇನ್ನೊಂದೇ ಉಳಿದಿತ್ತು, ಎದುರುಮನೆಯ ಸಾಯ್ಮಿಯ ಕಿಟಕಿಯಲ್ಲಿ. ಸಾಯ್ಮಿ ಗಂಡ ತೀರಿಹೋದ, ಬಾಯಿ ಜೋರಿನ ಹೆಂಗಸು. ಅವಳ ಗಿಡವೂ ಇರ್ಯಳ ಗಿಡದಿಂದಲೇ ಕದ್ದದ್ದು. ಇರ್ಯ ಆವತ್ತು ಒಲೆಯ ಬೂದಿ ತೆಗೆಯುವ ನೆಪದಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು.

ಓಯ್ವ ಟೋಪಿ ತೆಗೆದು ಕೈಯಲ್ಲಿ ಹಿಡಿದು ಸಾಯ್ಮಿಯ ಅಡುಗೆಮನೆಯಲ್ಲಿ ನಿಂತ. "ಸಾಯ್ಮಿ, ನಿನ್ನ ಜೆರೇನಿಯಂದು ಒಂದು ಕಡ್ಡಿ..."

ಸಾಯ್ಮಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ಕೇಳ್ಬೇಡ! ಕೇಳ್ಬೇಡ ಮಾರಾಯ! ನನಗೇನೂ ಕೇಳಿಸ್ಲಿಲ್ಲ!"

"ಒಂದು ಕಡ್ಡಿ ಕೊಟ್ಟಿದ್ರೆ..."

"ಅಯ್ಯೋ, ಪೂರ್ತಿ ಹೇಳೇಬಿಟ್ಟ! ನಿನ್ನ ಹೆಂಡ್ತಿ ಜೊತೆ ಇಷ್ಟು ವರ್ಷ ಬಾಳಿ ಇಷ್ಟೂ ಗೊತ್ತಾಗ್ಲಿಲ್ವಾ ನಿನಗೆ? ಬಾಯಿಬಿಟ್ಟು ಕೇಳಿದ್ದು ಬೇರು ಬಿಡತ್ತಾ? ಹೋಗು ಮನೆಗೆ. ನೀನು ಕೇಳಿದ್ದು ನನಗೆ ಮರೆತುಹೋಗ್ಲಿ. ಬುಧವಾರ ಬಾ. ಬುಧವಾರ ನಾನು ನೆಲಮಾಳಿಗೆಗೆ ಆಲೂಗಡ್ಡೆ ತರಕ್ಕೆ ಹೋಗ್ತೀನಿ. ನಿಧಾನಕ್ಕೆ ಬರ್ತೀನಿ. ತಿಳೀತಾ?"

"ತಿಳೀತು," ಎಂದ ಓಯ್ವ. ತಿಳಿದಿರಲಿಲ್ಲ.

ಬುಧವಾರ ಅವನು ಬಂದ. ಸಾಯ್ಮಿ ಕತ್ತರಿಯನ್ನು ಕುಂಡದ ಪಕ್ಕದಲ್ಲೇ ಇಟ್ಟು, "ನಾನು ನೆಲಮಾಳಿಗೆಗೆ ಹೋಗ್ತಾ ಇದ್ದೀನಿ!" ಎಂದು ಪಕ್ಕದ ಊರಿಗೂ ಕೇಳುವ ಹಾಗೆ ಕೂಗಿ ಇಳಿದುಹೋದಳು. ಕೆಳಗೆ ಚಳಿಗೆ ಕಾಲು ಮರಗಟ್ಟುವವರೆಗೂ ಆಲೂಗಡ್ಡೆಗಳನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾಕುತ್ತ ಕೂತಳು. ಮೇಲೆ ಓಯ್ವ ಗಿಡದ ಮುಂದೆ ನೆಟ್ಟಗೆ ನಿಂತಿದ್ದ. ಯಜಮಾನಿಯಿಲ್ಲದ ಮನೆ, ಪಕ್ಕದಲ್ಲೇ ಕತ್ತರಿ, ಯಾರಾದರೂ ಬಂದು ಏನಾದರೂ ಮಾಡಿಬಿಟ್ಟರೆ ಎಂದು ಅವನಿಗೆ ಆತಂಕ. ಸಾಯ್ಮಿ ಏದುಸಿರು ಬಿಡುತ್ತ ಹತ್ತಿಬಂದಾಗ ಗಂಭೀರವಾಗಿ ವರದಿ ಒಪ್ಪಿಸಿದ.

"ಯಾರೂ ಬರ್ಲಿಲ್ಲ ಸಾಯ್ಮಿ. ನಾನು ನೋಡ್ಕೊಂಡಿದ್ದೆ."

ಸಾಯ್ಮಿ ಆಲೂಗಡ್ಡೆಯ ಬಕೆಟ್ಟನ್ನು ನೆಲಕ್ಕೆ ಕುಕ್ಕಿ ಅದರ ಮೇಲೇ ಕೂತುಬಿಟ್ಟಳು.

ಶನಿವಾರ ಸೌನಾ ಎಂಬ ಹಬೆಮನೆಯಲ್ಲಿ ಮೈ ಕಾಯಿಸುತ್ತ ಓಯ್ವ ತನ್ನ ಸಂಕಟವನ್ನು ಗೆಳೆಯ ಕೌಕೊನ ಮುಂದೆ ತೋಡಿಕೊಂಡ. ಕಾದ ಕಲ್ಲುಗಳ ಮೇಲೆ ನೀರೆರಚಿ, ಹಬೆ ತಗ್ಗಿದ ಮೇಲೆ ಕೌಕೊ ಬಾಯಿಬಿಟ್ಟ.

"ಕದಿಯೋದಲ್ಲ ಅದು ಕಣೋ. ಮರ್ಯಾದೆ. ಅವಳು ಚಳೀಲಿ ಕೂತು ನಿನಗೆ ಮರ್ಯಾದೆ ಕೊಟ್ಲು, ನೀನು ಅವಳ ಮನೆಗೆ ಕಾವಲು ನಿಂತೆ."

"ಹಾಗಾದ್ರೆ ಏನ್ಮಾಡ್ಲಿ?"

"ಕಾಫಿಗೆ ಹೋಗು. ಮಾತಾಡ್ತಾ ಇರು. ಹವಾಮಾನದ ಬಗ್ಗೆ ಮಾತಾಡು. ಕೈ ಏನ್ಮಾಡತ್ತೆ ಅನ್ನೋದು ತಲೆಗೆ ಗೊತ್ತಾಗ್ಬಾರ್ದು. ಇಲ್ನೋಡು, ಹೀಗೆ." ಕೌಕೊ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟನ್ನು ಗಿಡದ ಹಾಗೆ ಎತ್ತಿಹಿಡಿದ. ಬರಿಮೈಯ ಇಬ್ಬರು ಮುದುಕರು ಬೆವರು ಸುರಿಸುತ್ತ, ಈ ಸಲದ ಚಳಿಯ ಬಗ್ಗೆ ಮಾತಾಡುತ್ತ, ಒಂದೊಂದೇ ಎಲೆ ಕದಿಯುವ ಅಭ್ಯಾಸ ಮಾಡಿದರು. ಓಯ್ವ ಪ್ರತಿ ಸಲವೂ "ಕ್ಷಮಿಸು" ಎನ್ನುತ್ತಿದ್ದ. ಅದನ್ನು ಬಿಡಿಸುವಷ್ಟರಲ್ಲಿ ಕೌಕೊನಿಗೆ ತಲೆ ಸುತ್ತಿ ಹೊರಗೆ ಹೋಗಿ ಹಿಮದಲ್ಲಿ ಬಿದ್ದುಕೊಳ್ಳಬೇಕಾಯಿತು.

ಸೋಮವಾರ ಓಯ್ವ ಸಾಯ್ಮಿಯ ಮನೆಯಲ್ಲಿ ಕಾಫಿ ಕುಡಿದ, ಏಲಕ್ಕಿ ಬನ್ನು ತಿಂದ, ಈ ಸಲದ ಚಳಿಯ ಬಗ್ಗೆ ಮಾತಾಡಿದ. ಸಾಯ್ಮಿ ಒಲೆಗೆ ಸೌದೆ ಹಾಕಲು ಬೆನ್ನು ತಿರುಗಿಸಿದಳು. ಕತ್ತರಿ ಕಚಕ್ಕೆಂದಿತು. ಅವಳು ಕೇಳಿಸಲಿಲ್ಲವೆನ್ನುವ ಹಾಗೆ ಜೋರಾಗಿ ಕೆಮ್ಮಿದಳು. ಓಯ್ವ ಕಡ್ಡಿಯನ್ನು ಜೇಬಿಗಿಳಿಸಿ ಎದ್ದ, ಬಾಗಿಲವರೆಗೆ ನಡೆದ, ಚಿಲಕದ ಮೇಲೆ ಕೈಯಿಟ್ಟ. ಹುಟ್ಟಿದಾಗಿನಿಂದ ಯಾರ ಮನೆಯಿಂದ ಹೊರಡುವಾಗಲೂ ಬಾಯಿಗೆ ಬರುತ್ತಿದ್ದ ಮಾತು ಬಂದೇಬಿಟ್ಟಿತು.

"ಥ್ಯಾಂಕ್ಸ್ ಸಾಯ್ಮಿ."

ಸಾಯ್ಮಿ ಗಿರಕ್ಕನೆ ತಿರುಗಿದಳು.

"ಹಾಳು ಮಾಡ್ದೆಯಲ್ಲೋ!" ಎಂದು ಸಾಯ್ಮಿ ಸೌದೆಯನ್ನು ಕೆಳಗೆ ಬಿಸಾಕಿದಳು.

"ಕಾಫಿಗೆ ಹೇಳಿದ್ದು! ಕಾಫಿಗೆ!"

"ನಿಜವಾಗ್ಲೂ ಕಾಫಿಗೇನಾ? ನನ್ನ ಮುಖ ನೋಡಿ ಹೇಳು."

ಓಯ್ವ ಅವಳ ಮುಖ ನೋಡಿದ. ಬೇರೆ ಯಾರಾದರೂ ಆಗಿದ್ದರೆ ಹೌದು ಎಂದು ಪಾರಾಗುತ್ತಿದ್ದರು. ಅವನು ಬಹಳ ಹೊತ್ತು ಮನಸ್ಸನ್ನು ಶೋಧಿಸಿ ನೋಡಿಕೊಂಡ. "ಕಾಫಿಗೆ ಸ್ವಲ್ಪ," ಎಂದ. "ಬನ್ನಿಗೂ ಸ್ವಲ್ಪ. ಆದ್ರೆ ಜೇಬಲ್ಲಿರೋದಕ್ಕೂ ಸ್ವಲ್ಪ ಬಂದುಬಿಡ್ತು ಅನ್ಸತ್ತೆ."

"ಇಡು ಕೆಳಗೆ!"

ಕಡ್ಡಿಯನ್ನು ಸಾಯ್ಮಿಯ ನೀರಿನ ಲೋಟದಲ್ಲಿಟ್ಟು ಅವನು ಬರಿಗೈಯಲ್ಲಿ ಮನೆಗೆ ಹೋದ. ಆ ಕಡ್ಡಿ ವಾರದೊಳಗೆ ಕೊಳೆಯಿತು. ನೀರು ಬದಲಿಸದೆ ಇಟ್ಟಿದ್ದಕ್ಕೂ ಇರಬಹುದು, ಆದರೆ ಊರಿನಲ್ಲಿ ಯಾರೂ ಹಾಗೆ ನಂಬಲಿಲ್ಲ.

ಮಾರ್ಚ್ ಮುಗಿಯುತ್ತ ಬಂದಿತ್ತು. ಸೂರುಗಳಿಂದ ಹನಿ ತೊಟ್ಟಿಕ್ಕತೊಡಗಿತ್ತು. ಇರ್ಯ ಫೋನಿನಲ್ಲಿ, "ಈಗ ಎರಡು ಕೋಲು ಹಿಡಿದು ಮೆಟ್ಟಿಲು ಹತ್ತುತ್ತಾ ಇದ್ದೀನಿ," ಎಂದು ಖುಷಿಯಾಗಿ ಹೇಳಿದಳು. ಓಯ್ವನಿಗೆ ಆ ಮೆಟ್ಟಿಲೆಲ್ಲ ನೇರವಾಗಿ ತನ್ನ ಅಡುಗೆಮನೆಗೇ ಬರುತ್ತಿವೆ ಅನಿಸಿತು. ಈಗಲೇ ನೆಟ್ಟರೆ ಮಾತ್ರ ಅವಳು ಬರುವಷ್ಟರಲ್ಲಿ ಬೇರು ಬಂದೀತು.

ಮರುದಿನ ಬೆಳಿಗ್ಗೆ ಸಾಯ್ಮಿಯ ಬಾಗಿಲು ತಟ್ಟಿದರೆ ಅವಳು ಕೂರು ಎನ್ನಲಿಲ್ಲ. ಒಲೆಯ ಮೇಲೆ ಕಾಫಿ ಇರಲಿಲ್ಲ, ಮೇಜಿನ ಮೇಲೆ ಬನ್ನಿರಲಿಲ್ಲ, ಕುಂಡದ ಪಕ್ಕದಲ್ಲಿ ಕತ್ತರಿ ಮಾತ್ರ ಇತ್ತು.

"ಏನಕ್ಕೆ ಬಂದೆ?" ಎಂದಳು. "ಬಾಗ್ಲು ಹಾಕು, ಚಳಿ ಒಳಗೆ ಬರತ್ತೆ. ಬೂಟಿಂದ ನನ್ನ ನೆಲ ಗಲೀಜು ಮಾಡ್ದೆ ನೋಡು."

"ಒರೆಸ್ತೀನಿ..."

"ಮೂವತ್ತು ವರ್ಷ ನನ್ನ ಟಪಾಲು ಪೆಟ್ಟಿಗೆ ಹಿಮದಲ್ಲಿ ಹೂತುಹಾಕ್ದೆಯಲ್ಲ, ಅದನ್ನ ಯಾವಾಗ ಒರೆಸ್ತೀಯ? ಗಾಡಿ ಓಡಿಸ್ತಿದ್ದನಂತೆ ಗಾಡಿ! ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟಿದ್ರೂ ನಿನಗಿಂತ ನೆಟ್ಟಗೆ ಹೋಗ್ತಿತ್ತು."

ಓಯ್ವನ ಕಿವಿ ಕೆಂಪಾಯಿತು. "ರಸ್ತೆ ಅಗಲ ಅಷ್ಟೇ ಇರೋದು. ನಿನ್ನ ಪೆಟ್ಟಿಗೇನೇ ರಸ್ತೆ ಮೇಲಿತ್ತು."

"ಪೆಟ್ಟಿಗೆ ನಡ್ಕೊಂಡು ರಸ್ತೆಗೆ ಬಂತಾ? ಹೋಗ್ಲಿ ಬಿಡು, ನಿನ್ನ ತಲೆ ಸರಿ ಇಲ್ಲದ್ದಕ್ಕೆ ಕಾರಣ ಗೊತ್ತು ನನಗೆ. ಇರ್ಯ ಮಾಡೋ ಬನ್ನು ತಿಂದೂ ತಿಂದೂ ಹಾಗಾಗಿದೆ. ಅದು ಬನ್ನಾ? ಅದನ್ನ ಎಸೆದ್ರೆ ಹಿಮಸಾರಂಗ ಸಾಯತ್ತೆ."

ತನ್ನನ್ನು ಏನೆಂದರೂ ಓಯ್ವ ಸಹಿಸುತ್ತಿದ್ದ, ಇರ್ಯಳನ್ನು ಅಂದರೆ ಅಲ್ಲ. ಅವನ ಕೈ ತಾನಾಗಿ ಕತ್ತರಿಯ ಮೇಲೆ ಹೋಯಿತು. "ನಿನ್ನ ಬನ್ನಿಗಿಂತ ಸಾವಿರ ಪಾಲು ವಾಸಿ!" ಎಂದು ಒಂದು ಕಡ್ಡಿ ಕತ್ತರಿಸಿದ. "ನಿನ್ನದ್ರಲ್ಲಿ ಏಲಕ್ಕಿ ಹುಡುಕೋಕೆ ದೀಪ ಹಿಡೀಬೇಕು!" ಎಂದು ಇನ್ನೊಂದು ಕತ್ತರಿಸಿದ. ಏನು ಹೇಳಬೇಕೆಂದು ತೋಚದೆ ಮೂರನೆಯದನ್ನೂ ಕತ್ತರಿಸಿ, ಮೂರನ್ನೂ ಅವಳ ಕಣ್ಣೆದುರಿಗೇ ಜೇಬಿಗೆ ತುರುಕಿ, ಬಾಗಿಲನ್ನು ಧಡಾರೆಂದು ಎಳೆದುಕೊಂಡು ಹೋದ. ಗೋಡೆಯ ಮೇಲಿನ ಗಡಿಯಾರ ನಿಂತುಹೋಯಿತು.

ಒಳಗೆ ಸಾಯ್ಮಿ ಕುರ್ಚಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಕೌಕೊನಿಗೆ ಫೋನು ಮಾಡಿ, "ಕದ್ದ ಕಣೋ! ಬಾಯಲ್ಲಿ ಒಂದು ಒಳ್ಳೇ ಮಾತಿಲ್ಲ!" ಎಂದಳು. ಬನ್ನಿನ ಮಾತು ಸುಳ್ಳು, ಬೇಕೆಂದೇ ಆಡಿದ್ದು, ಆದರೆ ಟಪಾಲು ಪೆಟ್ಟಿಗೆಯ ಮಾತು ನಿಜವಾದದ್ದೇ ಎಂದೂ ಸೇರಿಸಿದಳು.

ಓಯ್ವ ಕರಿ ಗಿಡವನ್ನು ಕಿತ್ತು, ಮಣ್ಣು ಬದಲಿಸಿ, ಮೂರು ಕಡ್ಡಿಗಳನ್ನು ನೆಟ್ಟ. ಎರಡು ಬಾಡಿದವು. ಮೂರನೆಯದು ಬಿಸಿಲಿಗೆ ಮುಖ ಮಾಡಿ ಸುಮ್ಮನೆ ನಿಂತಿತು. ಬದುಕಿದೆಯೋ ಇಲ್ಲವೋ ಹೇಳಲು ಬರುತ್ತಿರಲಿಲ್ಲ. ಅವನಿಗೆ ಮುಟ್ಟಿನೋಡಲು ಧೈರ್ಯವಿರಲಿಲ್ಲ.

ಏಪ್ರಿಲ್ ಕೊನೆಗೆ ಇರ್ಯ ಟ್ಯಾಕ್ಸಿಯಿಂದಿಳಿದು, ಕೋಟು ಕೂಡ ಬಿಚ್ಚದೆ, ಎರಡು ಕೋಲು ಊರಿಕೊಂಡು ಸೀದಾ ಕಿಟಕಿಗೆ ಬಂದಳು. ಕುಂಡದಲ್ಲಿ ಬೆರಳುದ್ದದ ಒಂದು ಕಡ್ಡಿ, ನಾಲ್ಕು ಎಲೆ. ಹಿಂದೆ ಓಯ್ವ ಅವಳ ಚೀಲ ಹಿಡಿದು ನಿಂತಿದ್ದ.

"ಇದು ನನ್ನದಲ್ಲ."

"ಅಲ್ಲ. ನಿನ್ನದು ಸತ್ತೋಯ್ತು. ನಾನೇ ಕೊಂದೆ. ಮೀನು ಹೊತ್ಕೊಳ್ತು, ಕಿಟಕಿ ತೆಗ್ದೆ."

"ಫೋನಲ್ಲಿ ನೀರು ಹಾಕ್ದೆ ಅಂತಿದ್ದೆ?"

"ಹಾಕ್ದೆ. ಸತ್ತ ಮೇಲೂ ಹಾಕ್ದೆ."

ಇರ್ಯಳ ಕೆನ್ನೆ ಉಬ್ಬಿತು. ಅದು ಸಿಟ್ಟಿಗೋ ಇನ್ನೊಂದಕ್ಕೋ ತಿಳಿಯದೆ ಓಯ್ವ ಚೀಲವನ್ನು ಎದೆಗವಚಿಕೊಂಡ.

"ಮತ್ತೆ ಇದು? ಸಾಯ್ಮಿ ಕೊಟ್ಲಾ? ಕೊಟ್ಟಿದ್ದಾದ್ರೆ ಈಗ್ಲೇ ಕಿತ್ತು ಬಿಸಾಕು."

"ಕೊಡ್ಲಿಲ್ಲ," ಎಂದ ಓಯ್ವ. "ಕದ್ದೆ."

"ಯಾರು?"

"ನಾನು."

ಇರ್ಯ ಎರಡು ಬೆರಳಲ್ಲಿ ಕಡ್ಡಿ ಹಿಡಿದು ಮೆಲ್ಲಗೆ ಮೇಲಕ್ಕೆಳೆದಳು. ಕಡ್ಡಿ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಕೆಳಗಿನಿಂದ ಯಾರೋ ಬಿಗಿಯಾಗಿ ಹಿಡಿದುಕೊಂಡ ಹಾಗಿತ್ತು.

"ಬೇರು ಬಿಟ್ಟಿದೆ!" ಎಂದಳು. ಒಂದು ಕೋಲು ಕೈಜಾರಿ ನೆಲಕ್ಕೆ ಬಿತ್ತು. "ಸರಿಯಾಗೇ ಕದ್ದಿದ್ದೀಯಲ್ಲೋ ಮುದುಕ!" ಕೋಟು ತೊಟ್ಟೇ ಕೂತು, ಥ್ಯಾಂಕ್ಸ್ ಹೇಳಿ ಕೆಡಿಸಿದ್ದು, ಸಾಯ್ಮಿ ಬೈದದ್ದು, ಮೂರು ಕಡ್ಡಿ ಕತ್ತರಿಸಿದ್ದು ಎಲ್ಲವನ್ನೂ ಅವನ ಬಾಯಿಂದ ಹೇಳಿಸಿ, ತಂಗಿಗೆ ಫೋನು ಮಾಡಿದಳು. "ಸೊಂಟ ಹೇಗಾದ್ರೂ ಇರ್ಲಿ ಬಿಡೇ. ನಮ್ಮ ಓಯ್ವ ಕದ್ದಿದ್ದಾನೆ! ಹ್ಞೂಂ ಕಣೇ, ಹಗಲು ಹೊತ್ತಲ್ಲೇ, ಸಾಯ್ಮಿ ಕಣ್ಣೆದುರಿಗೇ! ಮೂರು!"

ಓಯ್ವ ಕಿವಿ ಕೆಂಪಗೆ ಮಾಡಿಕೊಂಡು ಚಾವಣಿ ನೋಡಿದ. ಆದರೆ ಈ ಸಲ ಎದೆ ತುಸು ಮುಂದಕ್ಕೆ ಬಂದಿತ್ತು.

ಫೋನಿಟ್ಟು ಇರ್ಯ ಅವನನ್ನು ಮೇಲಿಂದ ಕೆಳಗೆ ಅಳೆಯುವ ಹಾಗೆ ನೋಡಿದಳು. "ಭಾನುವಾರ ತಂಗಿ ಮನೆಗೆ ಹೋಗೋಣ. ಅವಳ ಹತ್ರ ಒಂದು ಬಿಳೀ ಫುಕ್ಸಿಯಾ ಹೂಗಿಡ ಇದೆ, ಮೂರು ವರ್ಷದಿಂದ ಕಣ್ಣಿಟ್ಟಿದ್ದೀನಿ. ನನ್ನ ಎರಡು ಕೈಗೂ ಕೋಲು. ಕತ್ತರಿ ನಿನ್ನ ಜೇಬಲ್ಲಿರ್ಲಿ."

"ನನ್ನ ಕೈಲಾಗಲ್ಲ ಇರ್ಯ. ನಿನ್ನ ತಂಗಿ ತುಂಬಾ ಒಳ್ಳೆಯವಳು. ಬಾಗಿಲ ಹತ್ರ ಬಂದ್ರೆ ಥ್ಯಾಂಕ್ಸ್ ಬಂದುಬಿಡತ್ತೆ."

"ಬರಲ್ಲ," ಎಂದಳು ಇರ್ಯ. "ನನ್ನ ಬನ್ನಿನ ಬಗ್ಗೆ ಏನೇನು ಅನ್ಬೇಕು ಅಂತ ಮೊದ್ಲೇ ಅವಳಿಗೆ ಫೋನಲ್ಲಿ ಹೇಳ್ಕೊಡ್ತೀನಿ."