ಬ್ರೆಡ್ಡಿನ ಹಿಟ್ಟಿಗೆ ಕುದಿನೀರು

ಅತ್ತೆಗೆ ಜ್ವರ ಹಿಡಿದು ಇಪ್ಪತ್ತು ದಿನವಾಗಿತ್ತು. ಹಾಲು, ಬ್ರೆಡ್ಡು ಬಿಟ್ಟು ಬೇರೇನೂ ಕೊಡಬೇಡಿ ಎಂದಿದ್ದರು ಡಾಕ್ಟರು. ಬ್ರೆಡ್ಡಿಗಾಗಿ ಮುರುಗಮಲ್ಲದಿಂದ ಚಿಂತಾಮಣಿಗೆ ಬಸ್ಸು ಹತ್ತಿ ಹತ್ತಿ ಸಾಕಾಗಿ, ಮನೆಯಲ್ಲೇ ಮಾಡಲು ಹೊರಟೆ. ಚಿಂತಾಮಣಿಯ ಬೇಕರಿ ಸಾಹೇಬರಿಂದ ಒಳ್ಳೆಯ ಮೈದಾ, ಅದನ್ನು ಉಬ್ಬಿಸಲು ಒಂದು ಉಂಡೆ ಹುಳಿಹಿಟ್ಟು ತಂದೆ. ಆದರೆ ದಿನಾ ರಾಗಿಮುದ್ದೆ ತಿರುವುವ ಕೈ ನೋಡಿ, ಇದಕ್ಕೂ ಕುದಿಯುವ ನೀರನ್ನೇ ಸುರಿಯಿತು. ಸಂಜೆಯಾದರೂ ಹಿಟ್ಟು ಉಬ್ಬಲಿಲ್ಲ. ಹಾಗೇ ಕೆಂಡದ ಮೇಲೆ ಬೇಯಿಸಿದೆ. ಅತ್ತೆ ಹೇಗೋ ಎರಡು ತುತ್ತು ನುಂಗಿದರು.

ಮರುದಿನ ಮತ್ತೆ ಅದೇ ಬಸ್ಸು. ಸಾಹೇಬರಿಗೆ ನಡೆದದ್ದು ಹೇಳಿದೆ. “ಹುಳಿಗೂ ಜೀವ ಐತಮ್ಮ, ಕುದಿನೀರು ಹಾಕಿ ಸಾಯಿಸಿಬಿಟ್ರಿ” ಎಂದರು ಸಾಹೇಬರು. ಅಂಗಡಿಯ ಬ್ರೆಡ್ಡನ್ನೇ ಕೊಂಡು ಬಂದೆ.

ಅದನ್ನು ಹಾಲಿನಲ್ಲಿ ಅದ್ದಿ ತಿಂದ ಅತ್ತೆ ಮುಖ ಸಿಂಡರಿಸಿದರು: “ನಿನ್ನೇದೇ ವಾಸಿ ಕಣಮ್ಮ. ಮುದ್ದೆ ಥರಾನಾದ್ರೂ ಇತ್ತು.”