ಹಿರಿಯರ ಗಡಿಗೆಯ ಕಾವಲು

ಬೆಟ್ಟದ ನೆತ್ತಿಗೆ ಇನ್ನೂ ಬೆಳಕು ಮುಟ್ಟಿಲ್ಲ. ಲೆಸೊಥೊ ಸೀಮೆಯ ಹಾ ಸೆಪೆಲೆ ಹಳ್ಳಿಯಲ್ಲಿ, ಕೊನೆಯ ಗುಡಿಸಲಿನ ಮುಂದೆ, ಆ ಮನೆಯೊಡತಿ ಮಾಲಿನೆಯೊ ಕಂಬಳಿ ಹೊದ್ದು ನಿಂತಿದ್ದಾರೆ. ಹೆಪ್ಪುಗಟ್ಟಿದ ಇಬ್ಬನಿ ಅಂಗಳದ ತುಂಬ ಉಪ್ಪು ಚೆಲ್ಲಿದಂತಿದೆ. ಅದರ ಮೇಲೆ ಪುಟ್ಟ ಬರಿಗಾಲಿನ ಗುರುತು. ಬಾಗಿಲವರೆಗೆ ಬಂದಿದೆ, ಮರಳಿ ಹೋದದ್ದಿಲ್ಲ. ಅದನ್ನು ತುಳಿಯದೆ ಬಳಸಿ ಹೋಗಿ ಅವರು ಒಲೆ ಹೊತ್ತಿಸುತ್ತಾರೆ.

ಜೋಳದ ಹೆಂಡ ಕಾಯಿಸುವುದು ಅವರಿಗೆ ಅತ್ತೆಯಿಂದ ಬಂದ ಕಸುಬು. ಹೆಂಡ ಹದಕ್ಕೆ ಬಂತೆಂದು ಕಂಬಕ್ಕೆ ಬಿಳಿ ಬಟ್ಟೆ ಏರಿಸಿದರೆ ಊರೇ ಬರುತ್ತದೆ. ಆದರೆ ಮೊದಲ ಗಡಿಗೆ ತೀರಿಕೊಂಡ ಹಿರಿಯರದು. ಮನೆಯೊಳಗೆ ಹಿಂಗೋಡೆಯ ಬುಡದ ಕತ್ತಲಲ್ಲಿ ಅದನ್ನಿಟ್ಟು ರಾತ್ರಿಯಿಡೀ ಬಾಗಿಲು ಓರೆ ಮಾಡಿಡುವುದು ಪದ್ಧತಿ. ಬೆಳಿಗ್ಗೆ ಹೆಂಡ ತಗ್ಗಿದ್ದರೆ ಹಿರಿಯರು ಕುಡಿದರೆಂದು ಎಲ್ಲರೂ ಕೈಮುಗಿಯುತ್ತಿದ್ದರು. ಕುರಿ ಕಾಯುವ ಮಕ್ಕಳ ಬಾಯಿಂದ ಬರುವ ವಾಸನೆ ಊರಿಗೆ ಗೊತ್ತಿತ್ತು. ಚಳಿಗೆ ಒಂದು ಗುಟುಕು ತಾನೇ ಎಂದು ನಕ್ಕು ಸುಮ್ಮನಾಗುತ್ತಿತ್ತು.

ಹೋದ ಚಳಿಗಾಲ ಸೆಖೋಬೆ ಎಂಬ ಕುರಿಗಾಹಿ ಹುಡುಗ ದೊಡ್ಡಿಯ ಹಿಂದೆ ಸೆಟೆದು ಸಿಕ್ಕ. ಕಾಲಲ್ಲಿ ಬೂಟಿರಲಿಲ್ಲ. ಕಂಬಳಿಯೊಳಗೆ ಮಾಲಿನೆಯೊ ಹೆಂಡ ಮೊಗೆಯುವ ಸೋರೆಬುರುಡೆ ಇತ್ತು. ಹಿರಿಯರು ಕರೆದುಕೊಂಡರು ಎಂದು ಊರು ಮಣ್ಣು ಮಾಡಿತು.

“ಹಿರೀರು ಕರೀಲಿಲ್ಲ. ನಾವೇ ಕಳಿಸಿದ್ವಿ,” ಎನ್ನುತ್ತಾರೆ ಮಾಲಿನೆಯೊ.

ಅಂದಿನಿಂದ ಹಿರಿಯರ ಪಾಲನ್ನು ಅವರು ಸಂಜೆಯೇ ನೆಲಕ್ಕೆ ಸುರಿಯುತ್ತಾರೆ. ಊರ ಯಜಮಾನ ಮೊಹ್ಲಾಲೆ ಸಿಕ್ಕಾಗಲೆಲ್ಲ ಹಂಗಿಸುತ್ತಾರೆ: “ಏನಕ್ಕಾ, ಹಿರೀರ್ನ ಬಾಯಾರಿಸಿ ಸಾಯಿಸ್ತೀಯಾ?”

“ಸತ್ತೋರ್ನ ಇನ್ನೊಂದ್ಸಲ ಸಾಯ್ಸೋದು ನನ್ ಕೈಲಾಗಲ್ಲಣ್ಣ. ನೆಲದೊಳ್ಗೆ ಮಲಗಿರೋರ್ಗೆ ನೆಲಕ್ಕೇ ಸುರಿದ್ರೆ ಸಾಲ್ದಾ?”

ಹೆಂಡ ಕಾಯಿಸುವ ಉಳಿದ ಮನೆಗಳಲ್ಲಿ ಹಿರಿಯರ ಗಡಿಗೆ ಇನ್ನೂ ಒಳಗೇ ಇದೆ, ಬಾಗಿಲೂ ಓರೆಯಾಗಿಯೇ ಇರುತ್ತದೆ. ಹಾಗಾಗಿ ದಿನವೂ ಬೆಳಗಿನ ಜಾವ ಮಾಲಿನೆಯೊ ದೊಡ್ಡಿಗಳ ಹಿಂದೆ ಒಂದು ಸುತ್ತು ಹೋಗುತ್ತಾರೆ. ಕುಡಿದು ಬಿದ್ದ ಮಕ್ಕಳನ್ನು ಎಬ್ಬಿಸಿ, ಬೈದು, ಹೊತ್ತು ತಂದು ಒಲೆಯ ಮುಂದೆ ಕೂರಿಸುತ್ತಾರೆ. ಈ ಚಳಿಗಾಲದಲ್ಲಿ ಇದುವರೆಗೆ ಎಲ್ಲರೂ ಎದ್ದಿದ್ದಾರೆ.

ಮಾಲಿನೆಯೊ ಮನೆಯ ಹಿಂಗೋಡೆಯ ಬಳಿ ಈಗಲೂ ಒಂದು ಗಡಿಗೆ ಇದೆ. ಅದರಲ್ಲಿರುವುದು ಹುಳಿ ಅಂಬಲಿ. ಬೆಳಿಗ್ಗೆ ಅದು ಬರಿದಾಗಿರುತ್ತದೆ. ಸೆಖೋಬೆ ಹೋದ ಮೇಲೆ ಚಳಿಗಾಲದಲ್ಲಿ ಇಲ್ಲಿ ಬೂಟಿಲ್ಲದೆ ತಿರುಗುವ ಮಗುವಿಲ್ಲ. ಅಂಗಳದ ಇಬ್ಬನಿಯ ಮೇಲಿನ ಆ ಬರಿಗಾಲು ಯಾರದೆಂದು ಅವರನ್ನು ಕೇಳಿದರೆ, ಬೂದಿ ಕೆದಕುತ್ತ ಮೆಲ್ಲಗೆ ಹೇಳುತ್ತಾರೆ:

“ಯಾರದಾದ್ರೂ ಇರ್ಲಿ. ಮಗೂಂತ ಬಂದ್ಮೇಲೆ ಅಂಬಲಿ ಕುಡೀಲಿ. ಆ ಪಾದದ ಪಕ್ಕ ಇನ್ನೊಂದು ಜೊತೆ ಪಾದ ಮೂಡ್ದೆ ಇದ್ರೆ ಸಾಕು. ದೇವ್ರನ್ನ ನಾನು ಬೇರೇನೂ ಕೇಳಲ್ಲ.”